ಅತಿಥಿಗಳಿಗೆ ಬಿಟ್ಟುಕೊಟ್ಟ ರೈಲು

ಎಪ್ಪತ್ತೆಂಟರ ಮಳೆಗಾಲ ಮುಗಿಯುವ ಹೊತ್ತು. ಮಂಗಳೂರು ಸ್ಟೇಷನ್ನಿನ ಗೋಡೆಗೆ ಅಂಟಿಸಿದ್ದ ನೋಟಿಸು ಓದಿ ಹೇಮಾಕ್ಷಿಗೆ ಮೈಯೆಲ್ಲ ಉರಿಯಿತು. ಪ್ರಯಾಣಿಕರೇ ಇಲ್ಲದ ಕಾರಣ ತನ್ನೂರು ಮಂಜಲ್‌ಪಾದೆಯ ರೈಲನ್ನು ತಿಂಗಳ ಕೊನೆಗೆ ನಿಲ್ಲಿಸುತ್ತಾರಂತೆ! ಹಾಗಾದರೆ ಇಷ್ಟು ವರ್ಷ ಆ ಎರಡು ಬೋಗಿಗಳಲ್ಲಿ ಜೋತಾಡಿಕೊಂಡು ಬಂದವರು ಯಾರು, ದೆವ್ವಗಳೇ?

ಅವಳು ನಗರದ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುವವಳು. ಗಂಡ ತೀರಿಕೊಂಡ ಮೇಲೆ ಅವಳ ಬದುಕು ನಿಂತದ್ದೇ ಈ ರೈಲಿನ ಮೇಲೆ. ಹಗಲಿಡೀ ದುಡಿದರೂ ಸಂಜೆ ಮನೆ ಸೇರಿ ಮಗಳು ಗುಣವತಿಯ ತಲೆ ಬಾಚಬಹುದಿತ್ತು. ಮಂಜಲ್‌ಪಾದೆಗೆ ಬಸ್ಸಿಲ್ಲ, ಬಸ್ಸು ಬರುವಂಥ ರಸ್ತೆಯೂ ಇಲ್ಲ. ಹಿಂದೆ ಕಲ್ಲು ಸಾಗಿಸಲೆಂದು ಹಾಕಿದ ಹಳಿ ಅದು; ಮನುಷ್ಯರು ಹತ್ತಿದ್ದು ಆಮೇಲೆ.

ಎಡವಟ್ಟಾದದ್ದು ಎಲ್ಲಿ ಎಂದು ಅವಳಿಗೆ ತಟ್ಟನೆ ಹೊಳೆಯಿತು. ಬೇಸಿಗೆಯಲ್ಲಿ ರೈಲ್ವೆಯ ಮೇಲಿನ ಆಫೀಸರುಗಳು ಈ ರೈಲು ಯಾರಿಗೆ ಬೇಕೆಂದು ಕಣ್ಣಾರೆ ನೋಡಲು ಬಂದಿದ್ದರು. ಊರಿಗೇ ದೊಡ್ಡದಾದ ಗುತ್ತಿನ ಮನೆಯ ಯಜಮಾನ ತಾರಾನಾಥ ಶೆಟ್ಟರು ಹಿಂದಿನ ದಿನವೇ ಹೇಳಿಕಳಿಸಿದ್ದರು: ಬರುವವರು ಊರಿನ ಅತಿಥಿಗಳು, ಅತಿಥಿಗಳ ಊಟವಾಗದೆ ಮನೆಯವರು ಎಲೆಯ ಮುಂದೆ ಕೂರುವುದುಂಟೇ? ನಾಳೆ ಯಾರೂ ರೈಲು ಹತ್ತಬಾರದು. ಊರಿಗೆ ಊರೇ ತಲೆಯಾಡಿಸಿತು. ಬೋಗಿ ತೊಳೆದು ಬಾಗಿಲಿಗೆ ಮಾವಿನೆಲೆ ಕಟ್ಟಿದರು. ಹೇಮಾಕ್ಷಿಯೂ ಕೆಲಸಕ್ಕೆ ರಜೆ ಹಾಕಿ, ಸಾಹೇಬರ ಕೈಗೆ ಎಳನೀರಿನ ಬೊಂಡ ಕೊಟ್ಟು, ಕೈಮುಗಿದು ನಿಂತಿದ್ದಳು. ಸಾಹೇಬರು ಬೊಂಡ ಕುಡಿದರು, ಖಾಲಿ ರೈಲು ನೋಡಿದರು, ಹೋದರು. ಎಂಥಾ ಮರ್ಯಾದೆ! ಆ ಮರ್ಯಾದೆಗಿಷ್ಟು ಬೆಂಕಿ ಬೀಳಲಿ.

ಅಲ್ಲಿಂದ ಅವಳು ನೆಟ್ಟಗೆ ನಗರದ ಬಿಜೈಯಲ್ಲಿದ್ದ ಶೆಟ್ಟರ ಹೋಟೆಲಿಗೆ ನಡೆದಳು.

"ಧನಿಗಳೇ, ಅವತ್ತು ನಮ್ಮನ್ನು ತಡೆದದ್ದು ನೀವು ಅಂತ ಆ ರೈಲ್ವೆ ಸಾಹೇಬರಿಗೆ ಹೇಳಿ. ಇನ್ನೊಮ್ಮೆ ಬಂದು ನೋಡ್ಲಿ."

ಗಲ್ಲಾದಲ್ಲಿ ಕೂತಿದ್ದ ಶೆಟ್ಟರು ಸುತ್ತಮುತ್ತ ನೋಡಿ ಧ್ವನಿ ತಗ್ಗಿಸಿದರು. "ಎಂತ ಮಾರಾಯ್ತಿ, ಹಾಗೆ ಹೇಳ್ಲಿಕ್ಕೆ ಆಗ್ತದಾ? ರೈಲು ನಿಲ್ಲಿಸಿದ್ದೇ ನಾನು ಅಂತ ಜನ ಆಡಿಕೊಳ್ಳುದಿಲ್ವಾ? ನನಗೂ ಒಂದು ಮಾನ ಉಂಟಲ್ಲ."

"ನಿಮ್ಮ ಮಾನ ಉಳೀಲಿಕ್ಕೆ ನನ್ನ ಮಗಳು ತಾಯಿ ಇಲ್ಲದೆ ಬೆಳೀಬೇಕಾ? ನಾನಿನ್ನು ಇಲ್ಲೇ ಎಲ್ಲಾದ್ರೂ ಕೋಣೆ ಹಿಡೀಬೇಕು. ಅವಳು ಅಲ್ಲಿ ಅಜ್ಜಿ ಹತ್ತಿರ. ಒಂದು ಮಾತು ಹೇಳ್ಲಿಕ್ಕೆ ನಿಮಗೆ ಅಷ್ಟು ಕಷ್ಟವಾ?"

"ನೋಡುವ, ನೋಡುವ. ಮೊದಲು ಕೂತು ಒಂದು ಕಾಫಿ ಕುಡಿ," ಎಂದ ಶೆಟ್ಟರು ಬೆಂಚಿನಲ್ಲಿ ಬನ್ಸ್ ತಿನ್ನುತ್ತಿದ್ದ ಇಬ್ಬರು ಕೂಲಿಯವರತ್ತ ಕೈಬೀಸಿದರು. "ಏಳಿ, ಏಳಿ. ನಮ್ಮ ಊರಿನವರು ಬಂದಿದ್ದಾರೆ."

ಇಬ್ಬರೂ ತಟ್ಟೆ ಹಿಡಿದುಕೊಂಡು ಎದ್ದರು.

"ಕೂತ್ಕೊಳ್ಳಿ!" ಹೇಮಾಕ್ಷಿ ಕಿರುಚಿದಳು. "ಅವರು ಏಳಿ ಅಂದ ಕೂಡ್ಲೇ ಏಳುದಾ? ನಾವೂ ಹೀಗೇ ಎದ್ದು ರೈಲು ಕಳಕೊಂಡದ್ದು!"

ಇಬ್ಬರಲ್ಲಿ ಒಬ್ಬ ಮೆಲ್ಲಗೆ ಕೂತ. ಇನ್ನೊಬ್ಬ ತಟ್ಟೆ ಹಿಡಿದುಕೊಂಡು ಶೆಟ್ಟರ ಮುಖ ನೋಡುತ್ತ ನಿಂತೇ ಇದ್ದ.