ಎರಡು ಬಿಳೇದು

ದೀಪ ಹಚ್ಚಿದ ಮೇಲೆ ಉಪ್ಪನ್ನು ಉಪ್ಪು ಎನ್ನಬಾರದು. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಈ ಕಟ್ಟಳೆಗೆ ಜಾತಿಭೇದವಿರಲಿಲ್ಲ. ಹಾಗೆ ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎನ್ನುವುದು ರುಕ್ಮವ್ವನ ವಾದ, ಬರಕತ್ ಹೋಗುತ್ತದೆ ಎನ್ನುವುದು ಎದುರು ಮನೆಯ ಮೀರಾಬಿಯ ವಾದ. ಹೋಗುವುದು ಯಾವುದಾದರೂ ಇರಲಿ, ಹೊತ್ತು ಮುಳುಗಿತೆಂದರೆ ಇಬ್ಬರ ಮನೆಯಲ್ಲೂ ಉಪ್ಪು ‘ಬಿಳೇದು’ ಆಗುತ್ತಿತ್ತು.

ಉಳಿದವರಿಗೆ ಇದರಿಂದ ತೊಂದರೆ ಏನೂ ಇರಲಿಲ್ಲ. ಆದರೆ ಮೀರಾಬಿಯ ಗಂಡ ಮಕಬೂಲಸಾಬ ಕಲಾಯಿ ಹಾಕುವವನು. ಹಿತ್ತಾಳೆಯ ಪಾತ್ರೆಯನ್ನು ಕೆಂಡದ ಮೇಲೆ ಕಾಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಅರಳೆಯಿಂದ ಒರೆಸಿ ಅದರ ಒಳಮೈ ಬೆಳ್ಳಗೆ ಮಾಡುವುದು ಅವನ ಕಸುಬು. ಆ ನವಸಾಗರವೂ ಬೆಳ್ಳಗೇ ಇರುತ್ತದೆ. ಮಳೆಗಾಲದ ತಂಪಿಗೆ ಅದು ಪಸೆಯೊಡೆಯುತ್ತದೆಂದು ಮಕಬೂಲಸಾಬ ಅದರ ಭರಣಿಯನ್ನು ಒಲೆಯ ಬಿಸಿ ತಾಗುವ ಗೋಡೆಯ ಮಾಡದಲ್ಲಿ, ಉಪ್ಪಿನ ಭರಣಿಯ ಪಕ್ಕಕ್ಕೇ ಇಡುತ್ತಿದ್ದ. ತಲೆ ಇದ್ದವರು ಮಾಡುವ ಕೆಲಸವಲ್ಲ. ಆದರೆ ಮನೆಯ ಯಜಮಾನನಿಗೆ ಅಡುಗೆಮನೆಯ ವಿಷಯದಲ್ಲಿ ಬುದ್ಧಿ ಹೇಳುವವರು ಯಾರು?

ಸೊಸೆ ಮೈಮುನಾ ಹೆಬ್ಬಳ್ಳಿಯ ಒಕ್ಕಲುತನದ ಮನೆಯಿಂದ ಬಂದವಳು. ಬಂದ ದಿನವೇ ಮೀರಾಬಿ ಅವಳನ್ನು ಮಾಡದ ಮುಂದೆ ನಿಲ್ಲಿಸಿ ಎಚ್ಚರಿಕೆ ಕೊಟ್ಟಿದ್ದಳು.

"ಎಡಕ್ಕಿರೂದು ಅಡಿಗಿದು. ಬಲಕ್ಕಿರೂದು ನಿಮ್ಮ ಮಾವಾರ ನವಸಾಗರ. ವಿಷ ಐತಿ. ಮುಟ್ಟಿಗಿಟ್ಟೀ ಮತ್ತ."

ಮೈಮುನಾಗೆ ಅಡುಗೆ ಬರುತ್ತಿರಲಿಲ್ಲ ಎಂದಲ್ಲ, ಮೀರಾಬಿಯ ಎದುರಿಗೆ ಬರುತ್ತಿರಲಿಲ್ಲ. ಅತ್ತೆ ಹಿಂದೆ ಬಂದು ನಿಂತರೆ ಅವಳಿಗೆ ದಿಕ್ಕು ತಪ್ಪುತ್ತಿತ್ತು. ಒಮ್ಮೆ ಆ ಗಾಬರಿಯಲ್ಲಿ ಬೇಳೆಗೆ ಹಾಕಬೇಕಾದ ಒಗ್ಗರಣೆಯನ್ನು ಹಾಲಿಗೆ ಹಾಕಿದ್ದಳು. ಇನ್ನೊಮ್ಮೆ ಕಟ್ಟಿಗೆಯೆಂದು ಲಟ್ಟಣಿಗೆಯನ್ನೇ ಒಲೆಗೆ ತುರುಕಿ, ಅದು ಅರ್ಧ ಸುಟ್ಟ ಮೇಲೆ ಚಪಾತಿ ಲಟ್ಟಿಸಲು ಹುಡುಕಿದ್ದಳು. ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀರಾಬಿ ನಗಲಿಲ್ಲ. ಇನ್ನೊಂದು ತಪ್ಪಾದರೆ ತವರಿಗೆ ಕಳಿಸುವುದೇ ಸೈ ಎಂದಳು.

ಇಮಾಮಹುಸೇನ ಊಟಕ್ಕೆ ಬಂದದ್ದು ಯುದ್ಧದಿಂದಾಗಿ ಕಲಾಯಿಯ ತವರ ತುಟ್ಟಿಯಾಗಿದ್ದ ವರ್ಷ. ಧಾರವಾಡದಲ್ಲಿ ಅವನದು ಸೈಕಲ್ ಅಂಗಡಿ. ಮೀರಾಬಿಯ ಮಗಳು ನಜ್ಮಾಳನ್ನು ಅವನ ಮನೆಯ ಹೆಂಗಸರು ಆಗಲೇ ನೋಡಿ ಹೋಗಿದ್ದರು. ಈಗ ಹುಡುಗನ ತಂದೆಯಾಗಿ ಅವನು ಬಂದು ಉಂಡು ಮಾತು ಕೊಟ್ಟರೆ ಮುಗಿಯಿತು. ನಜ್ಮಾಗೆ ಹಿಂದೆ ಬಂದಿದ್ದ ಒಂದು ಸಂಬಂಧ ಊಟದ ಹೊತ್ತಿನಲ್ಲೇ ಮುರಿದಿತ್ತು. ಮನೆಯೆಲ್ಲ ಕಲಾಯಿಯ ಹೊಗೆ ನಾರುತ್ತದೆ, ಅನ್ನಕ್ಕೂ ಅದೇ ವಾಸನೆ ಎಂದು ಆಡಿಕೊಂಡು ಹೋಗಿದ್ದರು. ಅಂದಿನಿಂದ ಮೀರಾಬಿಗೆ ಕಣ್ತುಂಬ ನಿದ್ದೆ ಇರಲಿಲ್ಲ. ಹಾಗಾಗಿ ಈ ಸಲ ಮುಂಜಾನೆಯೇ ಅಡುಗೆಮನೆಗೆ ಸುಣ್ಣ ಹೊಡೆದು, ಮಾಡದಲ್ಲಿದ್ದುದನ್ನೆಲ್ಲ ಇಳಿಸಿ ಒರೆಸಿ ಮತ್ತೆ ಜೋಡಿಸಿದಳು. ಎಡಕ್ಕಿದ್ದ ಭರಣಿ ಬಲಕ್ಕೆ ಬಂದದ್ದು ಅವಳ ಗಮನಕ್ಕೆ ಬರಲಿಲ್ಲ.

ಮೈಮುನಾಳ ಗಂಡ ಮೆಹಬೂಬ ಕುಂದಗೋಳದ ಕಡೆ ಕಲಾಯಿಗೆ ಹೋಗಿದ್ದ. ಇದ್ದಿದ್ದರೆ ಅವಳಿಗೆ ಒಂದಿಷ್ಟು ಧೈರ್ಯವಿರುತ್ತಿತ್ತು. ಸಂಜೆ ಕಂದೀಲು ಹಚ್ಚಿಯಾಗಿತ್ತು, ಒಲೆಯ ಮೇಲೆ ಖಂಡದ ಸಾರು ಕುದಿಯುತ್ತಿತ್ತು. ಮೀರಾಬಿ ಮೂಲೆಯಲ್ಲಿ ಕೂತು ನಜ್ಮಾಳ ಜಡೆ ಹೆಣೆಯುತ್ತ ಅಲ್ಲಿಂದಲೇ ಹೇಳಿದಳು.

"ಮಾಡದಾಗಿನ ಬಿಳೇದು ಹಾಕು. ಒಂದ ಮುಷ್ಟಿ."

"ಅತ್ತಿ, ಯಾವ ಭರಣಿ..."

"ಬಿಳೇದಂದ್ರ ಬಿಳೇದು! ದಿನಾ ಹಾಕೂದಿಲ್ಲೇನು? ರುಚಿ ಗಿಚಿ ನೋಡಬ್ಯಾಡ, ಬೀಗರು ಉಣ್ಣೂಕಿಂತ ಮೊದಲ ಎಂಜಲಾಗತೈತಿ."

ಮೈಮುನಾ ಎಡಗಡೆಯ ಭರಣಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಸಾರಿಗೆ ಹಾಕಿದಳು.

ಇಮಾಮಹುಸೇನ ಬಂದ. ಮೈ ತುಂಬಿದ ಮನುಷ್ಯ, ಮೆಲ್ಲಗೆ ಮಾತಾಡುವವನು. ಮಕಬೂಲಸಾಬ ಅವನನ್ನು ಪಡಸಾಲೆಯಲ್ಲಿ ಕೂಡಿಸಿ, ರೊಟ್ಟಿ, ಸಾರು ಮುಂದಿಟ್ಟು, ತಾನು ಅತಿಥಿಯ ಕೈಗೆ ನೀರು ಹಾಕುತ್ತ, ಬಡಿಸುತ್ತ ಉಪಚಾರಕ್ಕೆ ನಿಂತ. ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಹಳೆಯ ಪಡದೆ. ಅದರ ಹಿಂದೆ ಹೆಂಗಸರು ಮೂವರೂ ಕಿವಿಗೊಟ್ಟು ಕೂತರು.

ಮೈಮುನಾ ಮತ್ತೊಂದು ರೊಟ್ಟಿ ಬೇಯಿಸಲು ಒಲೆಯ ಮುಂದೆ ಕೂತು ಸೆರಗು ಝಾಡಿಸಿಕೊಂಡಳು. ಸಾರಿಗೆ ಹಾಕುವಾಗ ಅದಕ್ಕೆ ಅಂಟಿದ್ದ ಪುಡಿ ಕೆಂಡದ ಮೇಲೆ ಬಿತ್ತು. ಬುಸ್ಸೆಂದು ಬಿಳಿಯ ಹೊಗೆ ಎದ್ದು ಮೂಗಿನೊಳಗೆ ಸೂಜಿ ಚುಚ್ಚಿದಂತಾಯಿತು. ಉಪ್ಪು ಕೆಂಡಕ್ಕೆ ಬಿದ್ದರೆ ಚಟಪಟ ಎನ್ನುತ್ತದೆ, ಹೊಗೆ ಬರುವುದಿಲ್ಲ. ಈ ಹೊಗೆ ಅವಳಿಗೆ ಗೊತ್ತಿತ್ತು. ಮಾವ ಅಂಗಳದಲ್ಲಿ ಕಲಾಯಿಗೆ ಕೂತಾಗ ದಿನವೂ ಏಳುವ ಹೊಗೆ ಅದು.

ಅವಳು ಥಟ್ಟನೆ ಎದ್ದಳು. ಪಡದೆಯ ಸಂದಿಯಿಂದ ನೋಡಿದರೆ ಇಮಾಮಹುಸೇನ ತುತ್ತು ಬಾಯಿಗಿಡುತ್ತಿದ್ದ.

"ಅತ್ತಿ," ಎಂದಳು. ಮೀರಾಬಿಗೆ ಕೇಳಿಸಲಿಲ್ಲ. ಮತ್ತೆ ಅತ್ತೆಯ ಸೆರಗು ಜಗ್ಗಿದಳು. "ಅತ್ತಿ, ನಾ ಹಾಕಿದ್ದು ಬಿಳೇದಲ್ಲರಿ. ಇನ್ನೊಂದು ಬಿಳೇದು."

"ಇನ್ನೊಂದಂದ್ರ?"

"ಮಾವಾರದು. ಕಲಾಯಿದು."

ಮೀರಾಬಿ ಮಾಡದ ಕಡೆ ನೋಡಿದಳು, ಭರಣಿ ನೋಡಿದಳು, ಸೊಸೆಯ ಮುಖ ನೋಡಿದಳು. ಬೈಯುತ್ತಾಳೆಂದು ಮೈಮುನಾ ಕಾದಳು. ಮೀರಾಬಿ ಬೈಯಲಿಲ್ಲ. ಬೈಯದ ಮೀರಾಬಿಯನ್ನು ಕಂಡು ಮೈಮುನಾಗೆ ಇನ್ನೂ ಹೆದರಿಕೆಯಾಯಿತು. ಅವಳು ಪಡದೆಯತ್ತ ಹೆಜ್ಜೆ ಇಟ್ಟಳು. ಮೀರಾಬಿ ಅವಳ ಮುಂಗೈ ಹಿಡಿದಳು.

"ಎಲ್ಲಿ ಹೊಂಟಿ?"

"ಹೇಳ್ತೇನ್ರಿ. ಇಲ್ಲಂದ್ರ ಅವ್ರು ಸಾಯ್ತಾರ್ರಿ."

"ನೀ ಹೇಳಿದ್ರ ನನ್ನ ಮಗಳು ಇದ ಮನ್ಯಾಗ ಮುದುಕಿ ಆಗತಾಳ. ಗಟ್ಟಿ ಮನಶ್ಯಾ ಅದಾನ. ಎರಡ ತುತ್ತಿಗೆ ಏನೂ ಆಗೂದಿಲ್ಲ."

"ವಿಷ ಅಂತ ನೀವ ಹೇಳಿದ್ರಿ..."

"ಹೇಳಿದ್ದೆ. ಈಗ ಬಾಯಿ ಮುಚ್ಚು."

ಆಚೆ ಇಮಾಮಹುಸೇನ ಕೆಮ್ಮಿದ. ಅವನ ಹಣೆಯ ಮೇಲೆ ಬೆವರು ಕಂದೀಲಿನ ಬೆಳಕಿಗೆ ಮಿನುಗುತ್ತಿತ್ತು. ಚರಿಗೆ ಎತ್ತಿ ಗಟಗಟ ನೀರು ಕುಡಿದು, ಕಣ್ಣೊರೆಸಿಕೊಂಡು, "ಸಾರು ಛಲೋ ಆಗೇತಿ ಭಾಯಿ," ಎಂದ. ಮತ್ತೊಂದು ತುತ್ತು ಅದ್ದಿದ. ಮೈಮುನಾ ಕೂಗಲು ಬಾಯಿ ತೆರೆದಳು. ಹೆಬ್ಬಳ್ಳಿಯ ಹೊಲದಲ್ಲಿ ಜೋಳಕ್ಕೆ ಬಂದ ಹಕ್ಕಿ ಓಡಿಸುತ್ತಿದ್ದಾಗ ಅವಳ ಕೂಗು ಊರ ಅಗಸಿಬಾಗಿಲವರೆಗೆ ಕೇಳುತ್ತಿತ್ತು. ಆ ದನಿ ಈಗ ಎಲ್ಲಿ ಅಡಗಿತ್ತೋ, ಗಂಟಲಲ್ಲಿ ಗಾಳಿಯಷ್ಟೇ ಹೊರಟಿತು. ಅವಳು ಕೈ ಕೊಸರಿದಳು. ಮೀರಾಬಿಯ ಹಿಡಿತಕ್ಕೆ ಗಾಜಿನ ಬಳೆಗಳು ಒಡೆದು ಚೂರು ಚರ್ಮಕ್ಕೆ ನಟ್ಟವು. ನಜ್ಮಾ ಅರ್ಧ ಹೆಣೆದ ಜಡೆ ಹಿಡಿದುಕೊಂಡು ಇಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದಳು. ಆಚೆ ಒಂದೊಂದು ಸಲ ಕೆಮ್ಮು ಕೇಳಿದಾಗಲೂ ಮೈಮುನಾ ಈಗ ಅವನು ಬಿದ್ದ, ಈಗ ಬಿದ್ದ ಎಂದುಕೊಂಡಳು.

"ಭಾಯಿ, ನೀವೂ ಕೂಡ್ರಿ. ಒಬ್ಬನ ಎಷ್ಟಂತ ಉಣ್ಣಲಿ?" ಎಂದ ಇಮಾಮಹುಸೇನ.

ಮಕಬೂಲಸಾಬ ಕೂತ. ರೊಟ್ಟಿ ಮುರಿದ, ಸಾರಿಗೆ ಅದ್ದಿದ, ಬಿಸ್ಮಿಲ್ಲಾ ಎಂದ.

ಮೈಮುನಾಳ ಮುಂಗೈ ತಟ್ಟನೆ ಹಗುರಾಯಿತು. ಮೀರಾಬಿ ಓಡಿದ್ದಳು. ಅವಳ ಸೆರಗು ಸಿಕ್ಕಿ ಪಡದೆ ಕಿತ್ತು ಬಂತು. ಗೂಟ ಸಮೇತ ಬಂದ ಪಡದೆಯನ್ನು ಎಳೆದುಕೊಂಡೇ ಹೋಗಿ ಗಂಡನ ಕೈಗೆ ಹೊಡೆದಳು. ತುತ್ತು ಹಾರಿ ಗೋಡೆಗೆ ಬಡಿಯಿತು.

"ತಿನ್ನಬ್ಯಾಡ್ರಿ! ಅದ್ರಾಗ ಬಿಳೇದೈತಿ!"

ಮಕಬೂಲಸಾಬ ಹೆಂಡತಿಯ ಸೆರಗು ಜಾರಿದ ತಲೆಯನ್ನೂ ಗೋಡೆಯನ್ನೂ ನೋಡಿದ. "ಬಿಳೇದು ಇಲ್ದ ಸಾರು ಹೆಂಗ ಉಣ್ಣೂದು?"

"ಆ ಬಿಳೇದಲ್ಲರಿ! ನಿಮ್ಮ ಬಿಳೇದು!"

"ನನ್ನದು ಯಾವ ಬಿಳೇದು?"

"ನವಸಾಗರ! ವಿಷ!"

ಇಮಾಮಹುಸೇನನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಅವನು ಎರಡೂ ಕೈಯಿಂದ ಗಂಟಲು ಹಿಡಿದುಕೊಂಡ. ಮುಖ ಸುಣ್ಣ ಹೊಡೆದ ಗೋಡೆಯಂತಾಯಿತು. "ಭಾಯಿ," ಎಂದ, "ನನ್ನ ಹುಡುಗರಿಗೆ ಹೇಳಿ ಕಳಸ್ರಿ." ಅಷ್ಟೇ ಅವನ ಬಾಯಿಂದ ಬಂದದ್ದು.

ಮಕಬೂಲಸಾಬ ಸಾರಿಗೆ ಬೆರಳದ್ದಿ ನಾಲಗೆಗೆ ತಾಗಿಸಿದ. ಮುಖ ಹುಳ್ಳಗೆ ಮಾಡಿ ಉಗಿದ. ಆಮೇಲೆ ಅತಿಥಿಯ ಬೆನ್ನು ಸವರಿದ. "ಸಾಯೂದಿಲ್ಲ, ಹೆದರಬ್ಯಾಡ್ರಿ. ಹಕೀಮರು ಕೆಮ್ಮಿಗೆ ಚಿಟಿಕಿ ಚಿಟಿಕಿ ಇದನ್ನ ಕೊಡ್ತಾರ. ಇಷ್ಟ ಉಂಡ್ರ ಹೊಟ್ಟಿ ತೊಳಸತೈತಿ, ಅಷ್ಟ. ಮನ್ಯಾಗ ಯಾರೂ ಮುಟ್ಟಿ ಹಾಳ ಮಾಡಬಾರದಂತ ವಿಷ ಅಂದವ ನಾನ. ಈಕಿ ಖರೇ ತಿಳದಾಳ."

ನಗಬೇಕಾದ ಮಾತು. ಯಾರೂ ನಗಲಿಲ್ಲ. ಇಮಾಮಹುಸೇನ ಚರಿಗೆಯಲ್ಲಿದ್ದ ನೀರನ್ನೆಲ್ಲ ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಮೀರಾಬಿಯ ಕಡೆ ತಿರುಗಿದ.

"ಅಕ್ಕಾರ, ನೀವು ಇದು ವಿಷ ಅಂತ ತಿಳದಿದ್ರಿ."

ಮೀರಾಬಿ ತಲೆ ತಗ್ಗಿಸಿದಳು.

"ಸಾರು ಬಾಯಾಗ ಇಡಾಕ ಬರತಿರಲಿಲ್ಲ. ಹೆಣ್ಣಿನ ಮನಿ, ಹೆಸರಿಡಬಾರದು ಅಂತ ನುಂಗಿದೆ. ನಾ ನುಂಗೂತನಕ ನೀವು ಬರಲಿಲ್ಲ. ಇವರು ತುತ್ತು ಎತ್ತಿದ ಕೂಡಲೇ ಬಂದ್ರಿ."

ಆಗ ಬಾಯಿ ಬಿಟ್ಟವಳು ನಜ್ಮಾ. ಪಡದೆ ಇಲ್ಲದ ಬಾಗಿಲಲ್ಲಿ, ಮುಂದೆ ಮಾವನಾಗುವವನ ಎದುರಿಗೇ ನಿಂತು ಹೇಳಿದಳು. "ಭಾಬಿ ಬರಾಕತ್ತಿದ್ಲು. ಅಮ್ಮಾ ಆಕಿ ಕೈ ಹಿಡದು ಬಿಡಲಿಲ್ಲ."

ಇಮಾಮಹುಸೇನ ಮೈಮುನಾಳ ಮುಂಗೈಯಿಂದ ಒಸರುತ್ತಿದ್ದ ರಕ್ತವನ್ನು ನೋಡಿದ. ಎದ್ದು ಟೋಪಿ ಸರಿಮಾಡಿಕೊಂಡು ಬಾಗಿಲಿಗೆ ಹೋದ. ಎಲ್ಲ ಮುಗಿಯಿತು ಎಂದುಕೊಂಡು ಮೀರಾಬಿ ಕಂಬಕ್ಕೆ ಒರಗಿದಳು. ಚಪ್ಪಲಿ ಮೆಟ್ಟಿದ ಮೇಲೆ ಅವನು ಹೇಳಿದ್ದು ಮಕಬೂಲಸಾಬನಿಗೆ.

"ಹುಡುಗಿ ನಮಗ ಒಪ್ಪಿಗಿ ಐತಿ ಭಾಯಿ. ಆದ್ರ ಒಂದ ಮಾತು. ನಿಕಾ ಆಗೂತನಕ ಆಕಿಗೆ ಅಡಿಗಿ ಕಲಿಸೂದು ನಿಮ್ಮ ಸೊಸಿ. ಅಕ್ಕಾರು ಕಲಿಸೂದು ಬ್ಯಾಡ."

ಟಾಂಗಾದವರೆಗೆ ಬೀಗನನ್ನು ಕಳಿಸಲು ಮಕಬೂಲಸಾಬ ಹೋದ. ನಜ್ಮಾ ಒಳಗಿನ ಕೋಣೆ ಸೇರಿದಳು. ಅಡುಗೆಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. ಮೈಮುನಾ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಇನ್ನು ತನ್ನನ್ನು ಯಾರೂ ಕಾಯುವವರಿಲ್ಲ, ಗಂಟುಮೂಟೆ ಕಟ್ಟುವುದೇ ಉಳಿದದ್ದು ಎಂದು ಅವಳಿಗೆ ಖಾತ್ರಿಯಾಗಿತ್ತು.

ಮೀರಾಬಿ ಅವಳನ್ನು ನೋಡಲಿಲ್ಲ. ಪಡಸಾಲೆಯಿಂದ ಇಮಾಮಹುಸೇನನ ಎಂಜಲು ತಾಟನ್ನೇ ತಂದು ಒಲೆಯ ಮುಂದೆ ಕೂತಳು. ಉಳಿದಿದ್ದ ರೊಟ್ಟಿ ಮುರಿದು, ಆ ಸಾರಿಗೆ ಅದ್ದಿ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಉಗಿಯಲಿಲ್ಲ, ಕಷ್ಟಪಟ್ಟು ನುಂಗಿದಳು. ಇನ್ನೊಂದು ತುತ್ತು ಅದ್ದಿದಳು, ಅದನ್ನು ಬಾಯಿಯವರೆಗೆ ಒಯ್ಯಲು ಅವಳಿಂದ ಆಗಲಿಲ್ಲ.

"ಇದನ್ನ ಅವ್ರು ಹ್ಯಾಂಗ ಉಂಡ್ರು, ಮೈಮುನಾ?" ಎಂದಳು.

ಮೈಮುನಾ ನೀರಿನ ಚರಿಗೆ ತಂದು ಅತ್ತೆಯ ಮುಂದಿಟ್ಟಳು.