ಕಟ್ಟದೆ ಬಿಟ್ಟ ದಶಿ

ವಿಜಯಲಕ್ಷ್ಮಿ ಕಂಬಳಿಯನ್ನು ಕೊಡವಿ ಹಾಸಿ, ತುದಿಯಲ್ಲಿ ಜೋತಾಡಬೇಕಿದ್ದ ಬಿಡಿ ಎಳೆಗಳ ದಶಿಗಾಗಿ ಕೈಯಾಡಿಸಿದಳು. ಸಿಕ್ಕಿದ್ದು ಮಷಿನ್ ಹೊಲಿಗೆ. ಆಚೆ ತುದಿಯಲ್ಲೂ ಅದೇ, ಮೇಲಾಗಿ ಸಂಸ್ಥೆಯೊಂದರ ಹೆಸರಿನ ಬಿಳಿ ಪಟ್ಟಿ.

ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವ ದುಂಡವ್ವನ ಹೆಣದ ಹಣೆ ತುಂಬ ಅರಿಸಿನದ ಭಂಡಾರ. ಹೊರಗೆ ಮಣ್ಣಿಗೆಂದು ಮಮದಾಪುರದ ಅರ್ಧ ಊರೇ ಕಾದಿತ್ತು.

"ಮಾಲಿಂಗ, ದಶಿ ಎಲ್ಲಿ?"

ಗೋಕಾಕದ ಪ್ರದರ್ಶನದಿಂದ ಕಂಬಳಿ ತಂದಿದ್ದ ತಮ್ಮ ಜೊತೆಗೆ ಬಂದಿದ್ದವನ ಕಡೆ ತಿರುಗಿದ. ಪ್ರದರ್ಶನ ನಡೆಸಿದ ಸಂಸ್ಥೆಯ ಅಶೋಕ ಹೇಳಿದ: "ಎಳಿ ಜೋತಾಡಾಕತ್ತಿದ್ವು ಅಕ್ಕಾರ. ನೋಡಾವ್ರಿಗೆ ಅರ್ಧಕ್ಕ ಬಿಟ್ಟಂಗ ಕಾಣತಿತ್ತು. ಕತ್ತರಿಸಿ ಛಲೋತ್ನಾಗ ಹೊಲಿಸೇವ್ರಿ."

"ಅರ್ಧಕ್ಕ ಬಿಟ್ಟಿದ್ದು ಖರೆ. ಉಳಿದರ್ಧ ನನ್ನ ಕೆಲಸ ಇತ್ತು."

*

ಆಯುಷ್ಯವೆಲ್ಲ ಮಂದಿಯ ಕಂಬಳಿಗೆ ಉಣ್ಣೆ ನೂತ ದುಂಡವ್ವ ತನಗೆಂದು ನೂತದ್ದು ಇದೊಂದಕ್ಕೇ. ಗಂಡ ಮಾಯಪ್ಪ ನೇಯ್ದು ಕೊಟ್ಟಿದ್ದ. ಹುಣಸೆಬೀಜದ ಗಂಜಿ ಹಚ್ಚಿ ಒಣಹಾಕಿದ ದಿನ ವಿಜಯಲಕ್ಷ್ಮಿ ದಶಿಗೆ ಗಂಟು ಹಾಕಲು ಕುಳಿತಳು. ಅವ್ವ ಕೈಮೇಲೆ ಹೊಡೆದಳು.

"ಈಗಲ್ಲ. ನಮ್ಮವ್ವ ಸತ್ತ ದಿನ ಅಕೀದು ನಾ ಕಟ್ಟೇನಿ. ನಂದು ನೀ ಕಟ್ಟಬೇಕು. ಗಂಟಿಗೊಂದು ಹೆಸರ. ನಾನು, ನಮ್ಮವ್ವ, ಅವರವ್ವ. ಹೆಸರ ಹೇಳಿ ಕಟ್ಟಿದ್ರ ಮ್ಯಾಲ ಹ್ವಾದಾಗ ಅವರು ನನ್ನ ಗುರುತ ಹಿಡೀತಾರ."

ಆ ಹೆಸರುಗಳನ್ನು ಬಾಯಿಪಾಠ ಮಾಡಿಸಿಯೇ ಎಬ್ಬಿಸಿದ್ದಳು. ಮಾಲಿಂಗನೋ, ಪೇಪರಿನಲ್ಲಿ ಫೋಟೊ ಬರುತ್ತದೆಂದು ಹಿಗ್ಗಿ, ಅಕ್ಕನನ್ನು ಒಂದು ಮಾತೂ ಕೇಳದೆ ಕಂಬಳಿಯನ್ನು ಪ್ರದರ್ಶನಕ್ಕೆ ಒಯ್ದುಕೊಟ್ಟ. ಹಾಸಿಗೆ ಹಿಡಿದ ಅವ್ವ ಕೇಳಿದಾಗಲೆಲ್ಲ, "ತರ್ತೇನಿ ಬಿಡವ್ವಾ" ಅನ್ನುತ್ತಿದ್ದ.

*

"ನಿಮ್ಮ ಕಲಾ ಉಳೀಲಿ ಅಂತನ ಗಾಜಿನ ಪೆಟಿಗ್ಯಾಗ ಇಟ್ಟಿದ್ವಿ" ಎಂದ ಅಶೋಕ.

ವಿಜಯಲಕ್ಷ್ಮಿ ಹೊಲಿದ ಅಂಚನ್ನು ಅವನ ಮುಂದೆ ಹಿಡಿದಳು. "ಏನ ಉಳಸಿದ್ರಿ? ಕಂಬಳಿ ಇಟಗೊಂಡು ನಮ್ಮವ್ವನ ಕತ್ತರಿಸಿ ಒಗದ್ರಿ. ದಶಿ ಯಾಕ ಬಿಟ್ಟೀರಿ ಅಂತ ಒಬ್ಬರರೆ ಕೇಳಿದ್ರೇನು?"

ಬೀರಸಿದ್ದಪ್ಪ ಕಾಕಾ ಒಳಗೆ ಇಣುಕಿದ. "ಹೊತ್ತ ಮುಳಗಾಕತ್ತೈತಿ ಮಗಳ. ಇದ್ದಂಗ ಹೊಚ್ಚಿಬಿಡು. ಮಣ್ಣಾಗ ಹೋಗೂದಕ್ಕ ದಶಿ ಯಾಕ?"

"ಹೊತ್ತ ಮುಳಗಿದ್ರ ಬ್ಯಾಟರಿ ಹಿಡೀರಿ ಕಾಕಾ."

ಅವಳು ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಬಿಳಿ ಪಟ್ಟಿಯನ್ನು ಕಿತ್ತು ಅಶೋಕನ ಕೈಗಿಟ್ಟಳು. ಅಂಚಿನ ಅಡ್ಡ ಎಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಬಿಗಿದ ಉಣ್ಣೆ ಸುಲಭಕ್ಕೆ ಬಿಡಲಿಲ್ಲ, ಉಗುರು ಹರಿದು ನೆತ್ತರು ಬಂತು. ಬೆರಳುದ್ದದ ದಶಿ ಮತ್ತೆ ಹೊರಬಿತ್ತು.

ಮಾಲಿಂಗ ಎದುರಿಗೆ ಬಂದು ಕುಳಿತ. "ಯಕ್ಕಾ, ನನಗ ಗೊತ್ತಿರಲಿಲ್ಲ."

"ಗೊತ್ತ ಮಾಡ್ಕೊ."

ಮೊದಲ ಗಂಟು ಬಿಗಿದಳು. "ದುಂಡವ್ವ." ಎರಡನೆಯ ದಶಿಯನ್ನು ಬೆರಳಿಗೆ ಸುತ್ತಿ ತಡೆದಳು. "ಇದು ಅವ್ವನ ಅವ್ವಂದು. ಹೆಸರ ಹೇಳು."

ಹೆಸರು ಗೊತ್ತಿಲ್ಲದೆ ಅವನು ಕಾಕಾನ ಕಡೆ ನೋಡಿದ. ಹೊತ್ತೊಯ್ಯುವವರು ಹೊಸ್ತಿಲಲ್ಲಿ ನಿಂತಿದ್ದರು. ಅವಳು ದಶಿ ಬಿಡಲಿಲ್ಲ, ಕಟ್ಟಲೂ ಇಲ್ಲ.

"ಬಾಳವ್ವ" ಎಂದಳು ಕೊನೆಗೆ, ಅವನನ್ನೇ ದಿಟ್ಟಿಸಿ.

"ಬಾಳವ್ವ" ಎಂದ ಮಾಲಿಂಗ.

ಆಗ ಗಂಟು ಹಾಕಿದಳು. ಮೂರನೆಯ ದಶಿಯನ್ನು ಎತ್ತಿ ಅವನ ಕೈಗೆ ಕೊಟ್ಟಳು.