ಚಾಕುವಿನ ದಾರದ ಇನ್ನೊಂದು ತುದಿ

ನಮ್ಮ ಯಜಮಾನರು ತಮ್ಮ ಜೀವಮಾನದಲ್ಲಿ ಒಂದು ಚಾಕುವನ್ನೂ ಕಳೆದುಕೊಂಡವರಲ್ಲ. ಹಾಗಂತ ಅವರೇ ಹೇಳುತ್ತಿದ್ದರು. "ಕಳೆದಿಲ್ಲ, ಎಲ್ಲೋ ಇಟ್ಟಿದೀನಿ" ಎನ್ನುವುದು ಅವರ ಕಾಯಂ ಮಾತು. ಆ 'ಎಲ್ಲೋ' ಎಂಬ ಜಾಗ ಊರಿನವರ ಸೋಫಾಗಳ ಹೊಟ್ಟೆ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಒಪ್ಪಿಕೊಂಡರೆ ತಾನೆ?

ನಮ್ಮದು ಕುಷನ್ ಅಂಗಡಿ. ಹಳೆಯ ಕುರ್ಚಿ, ಸೋಫಾಗಳನ್ನು ಬಿಚ್ಚಿ, ಸ್ಪ್ರಿಂಗ್ ಬಿಗಿಸಿ, ನಾರು ತುಂಬಿ ಬಟ್ಟೆ ಎಳೆದು ಮೊಳೆ ಹೊಡೆಯುವುದು ಅವರ ಕೆಲಸ. ಬಟ್ಟೆ ಅಳೆದು, ಕತ್ತರಿಸಿ, ಮಿಷನ್ನಿನಲ್ಲಿ ಹೊಲಿಯುವುದು ನನ್ನ ಕೆಲಸ. ಬಟ್ಟೆ ಎಳೆದು ಹಿಡಿಯುವಾಗ ಮನುಷ್ಯನಿಗೆ ಎರಡು ಕೈ ಸಾಲುವುದಿಲ್ಲ, ಹಲ್ಲನ್ನೂ ಉಪಯೋಗಿಸಬೇಕು. ಆಗ ಕೈಯಲ್ಲಿರುವ ಮಡಚುವ ಚಾಕು ಎಲ್ಲಿಗೆ ಹೋಗಬೇಕು? ಎದುರಿಗೆ ಬಾಯಿ ತೆರೆದುಕೊಂಡಿರುವ ಕುರ್ಚಿಯೊಳಗೆ ಹೋಗುತ್ತದೆ. ಮೇಲೆ ಒಂದಿಷ್ಟು ನಾರು, ಅದರ ಮೇಲೆ ಫೋಮು, ಅದರ ಮೇಲೆ ಬಟ್ಟೆ, ಸುತ್ತ ಮೊಳೆ. ಕುರ್ಚಿ ಸಿದ್ಧವಾಗುತ್ತದೆ. ಗಿರಾಕಿ ಖುಷಿಯಿಂದ ಹೊತ್ತುಕೊಂಡು ಹೋಗುತ್ತಾರೆ. ಆಮೇಲೆ ಇವರು ಎರಡೂ ಜೇಬನ್ನು ತಟ್ಟಿಕೊಳ್ಳಲು ಶುರು ಮಾಡುತ್ತಾರೆ.

ಚಾಕುವಿಗೊಂದು ದಾರ ಕಟ್ಟಿಕೊಳ್ಳಿ ಎಂದು ನಾನು ಹೇಳಿ ಹೇಳಿ ಬಾಯಿ ನೋವು ಬಂದಿತ್ತು. ಒಂದೊಂದು ಚಾಕು ಮಾಯವಾದಾಗಲೂ ಒಂದೊಂದು ಹೊಸ ಕಾರಣ ಕೊಡುತ್ತಿದ್ದೆ. ದಾರವಿದ್ದರೆ ಸೊಂಟಕ್ಕೆ ಕಟ್ಟಿಕೊಳ್ಳಬಹುದು, ಕುರ್ಚಿಯೊಳಗೆ ಬಿದ್ದರೂ ಎಳೆದುಕೊಳ್ಳಬಹುದು ಎಂದೆ. ಕುಕ್ಕರುಗಾಲಲ್ಲಿ ಕೂತಾಗ ಜೇಬಿನೊಳಕ್ಕೆ ಕೈ ಹೋಗದೆ ನೀವು ಇರುವೆ ಕಚ್ಚಿದವರ ಹಾಗೆ ಕುಣಿಯುವುದು ತಪ್ಪುತ್ತದೆ, ದಾರ ಹಿಡಿದೆಳೆದರೆ ಚಾಕು ಹೊರಗೆ ಬರುತ್ತದೆ ಎಂದೆ. ಗೋಡೆಯ ಮೊಳೆಗೆ ನೇತುಹಾಕಬಹುದು, ಕೈ ಬೆವೆತು ಜಾರಿದರೆ ಕಾಲ ಮೇಲೆ ಬೀಳುವುದಿಲ್ಲ ಎಂದೆ. ನಾನು ಕಾರಣಗಳನ್ನು ಹುಡುಕಿಕೊಂಡು ಹೋದಷ್ಟು ಇವರು ಚಾಕು ಹುಡುಕಿಕೊಂಡು ಹೋಗಿದ್ದರೆ ಒಂದಾದರೂ ಸಿಗುತ್ತಿತ್ತು.

"ನೋಡು, ದಾರ ಕಟ್ಟೋದು ಓಡಿಹೋಗೋ ನಾಯಿಗೆ," ಎನ್ನುತ್ತಿದ್ದರು. "ನನ್ನ ಚಾಕು ಎಲ್ಲಿಗೂ ಓಡಿಹೋಗಲ್ಲ."

ಕೊನೆಗೆ ಒಪ್ಪಿದ್ದು ನಮ್ಮದೇ ಮನೆಯ ಹಾಸಿಗೆ ರಿಪೇರಿ ಮಾಡಿದ ಮೇಲೆ. ಆ ಸಲ ಕಳೆದ ಚಾಕು ಅವರ ಬೆನ್ನಿಗೇ ಸಿಕ್ಕಿತು. ಒಂದು ವಾರ ಅವರು ಬೋರಲಾಗಿ ಮಲಗಿದರು. ಆ ವಾರದಲ್ಲಿ ನಾನು ಅಂಗಡಿಯಲ್ಲಿ ಉಳಿದಿದ್ದ ಕೆಂಪು ರೇಷ್ಮೆ ಹುರಿಯನ್ನು ಮೂರೆಳೆಯಾಗಿ ಹೆಣೆದು, ಒಂದು ತುದಿಗೆ ಚಾಕು, ಇನ್ನೊಂದು ತುದಿಗೆ ಒಂದು ಗೊಂಡೆ ಕಟ್ಟಿ ಕೊಟ್ಟೆ. ಗೊಂಡೆಯ ಹತ್ತಿರ ಒಂದು ಕುಣಿಕೆಯನ್ನೂ ಬಿಟ್ಟಿದ್ದೆ, ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳಲಿ ಎಂದು. ಇವರು ದಾರ ಇಟ್ಟುಕೊಂಡರು, ಕುಣಿಕೆಯನ್ನು ಮಾತ್ರ ಮುಟ್ಟಲಿಲ್ಲ.

"ಸೊಂಟಕ್ಕೆ ಕಟ್ಟಿಕೊಂಡರೆ ನೀನು ಕುರ್ಚಿ ಜೊತೆ ನನ್ನನ್ನೂ ಸೇರಿಸಿ ಹೊಲಿದುಬಿಡ್ತೀಯ," ಎಂದರು.

ಹೋಗಲಿ, ಅರ್ಧವಾದರೂ ಕೇಳಿದರಲ್ಲ ಎಂದು ನಾನು ಸುಮ್ಮನಾದೆ. ಅರ್ಧ ಕೇಳುವ ಗಂಡನಿಗಿಂತ ಏನೂ ಕೇಳದ ಗಂಡನೇ ವಾಸಿ ಎಂದು ಆಗ ನನಗೆ ಗೊತ್ತಿರಲಿಲ್ಲ.

ಅದೇ ಸಮಯಕ್ಕೆ ಕೋರ್ಟಿನಿಂದ ಜಡ್ಜಮ್ಮನ ಕುರ್ಚಿ ಬಂತು. ಎತ್ತರದ ಬೆನ್ನಿನ, ಮರದ ಕೈಗಳ ಹಳೆಯ ಕುರ್ಚಿ. ಅದರಲ್ಲಿ ಕೂತು ಕೂತು ಜಡ್ಜಮ್ಮನಿಗೆ ಸೊಂಟನೋವು ಹತ್ತಿದೆ ಎಂದು ಕೋರ್ಟಿನ ಅಟೆಂಡರ್ ಹೇಳಿದ. ನಮ್ಮ ಯಜಮಾನರು ಆ ಕುರ್ಚಿಗೆ ಮಾಡಿದ ಆರೈಕೆಯನ್ನು ನಾನು ಬಾಣಂತನದಲ್ಲೂ ಕಂಡಿರಲಿಲ್ಲ. ನಾರನ್ನು ಹಿಂಜಿ ಹಿಂಜಿ ತುಂಬಿದರು, ಅಂಗೈಯಲ್ಲಿ ಒತ್ತಿ ನೋಡಿದರು, ತೆಗೆದರು, ಮತ್ತೆ ತುಂಬಿದರು. ಸಂಜೆ ಅಟೆಂಡರ್ ವ್ಯಾನು ತಂದು ಕುರ್ಚಿಯನ್ನು ಏರಿಸಿಕೊಂಡು ಹೋದ. ವ್ಯಾನು ತಿರುವಿನಲ್ಲಿ ಮರೆಯಾಯಿತು. ನಾನು ನೆಲ ಗುಡಿಸಲು ಪೊರಕೆ ತೆಗೆದುಕೊಂಡೆ. ಹಿಂದಿನಿಂದ ಟಪ್ ಟಪ್ ಎಂದು ಜೇಬು ತಟ್ಟಿಕೊಳ್ಳುವ ಸದ್ದು ಕೇಳಿಸಿತು.

ಪೊರಕೆ ಅಲ್ಲೇ ಬಿಟ್ಟು ತಿರುಗಿದೆ.

"ರೀ, ಎಲ್ಲಿ?"

"ಎಲ್ಲೋ ಇಟ್ಟಿದೀನಿ."

"ಮಡಚಿದ್ರಾ?"

ಇವರು ಸೀಲಿಂಗು ನೋಡಿದರು. "ಮಡಚಿದ್ದೆ ಅನ್ಸುತ್ತೆ."

ಆ 'ಅನ್ಸುತ್ತೆ'ಯನ್ನು ಕೇಳಿ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಜಡ್ಜಮ್ಮ ಬೆಳಿಗ್ಗೆ ಬಂದು ಧೊಪ್ಪನೆ ಕೂತರೆ, ಒಳಗೆ ಅಲಗು ಮೇಲ್ಮುಖವಾಗಿದ್ದರೆ! ನ್ಯಾಯಾಧೀಶರ ಕುರ್ಚಿಯಲ್ಲಿ ಚಾಕು ಇಟ್ಟವನನ್ನು ಯಾರಾದರೂ ಮರೆಗುಳಿ ಎನ್ನುತ್ತಾರೆಯೇ? ಎತ್ತಿ ಒಳಗೆ ಹಾಕುತ್ತಾರೆ. ಕೋರ್ಟಿಗೆ ಫೋನು ಮಾಡಿದೆ. ಗಂಟೆ ಹೊಡೆದುಕೊಂಡೇ ಇತ್ತು, ಆಫೀಸು ಮುಚ್ಚಿದ್ದರು. ಬೆಳಿಗ್ಗೆ ಜಡ್ಜಮ್ಮ ಬರುವ ಮುಂಚೆ ಹೋಗಿ ಅಟೆಂಡರ್‌ಗೆ ಒಂದು ಹೊಲಿಗೆ ಬಾಕಿಯಿದೆ ಎಂದು ಹೇಳಿ, ಕುರ್ಚಿಯನ್ನು ಪಕ್ಕಕ್ಕೆ ಎಳೆದು, ಚಾಕು ತೆಗೆದುಕೊಂಡು ಬರುವುದು ಎಂದು ಮಾತಾಯಿತು.

ಮಾರನೆಯ ಬೆಳಿಗ್ಗೆ ಕೋರ್ಟಿನ ಗೇಟಿನಲ್ಲಿ ಕಾವಲಿನವನು ಇವರ ಜೇಬು ಖಾಲಿ ಮಾಡಿಸಿದ. ದಬ್ಬಣ, ಮೊಳೆ, ಒಂದು ಹಿಡಿ ಸೋಫಾ ಗುಂಡಿ, ಸಣ್ಣ ಸುತ್ತಿಗೆ, ಮೇಣದ ಉಂಡೆ ಹೊರಗೆ ಬಂದವು. ಮೇಜು ತುಂಬಿತು.

"ಚಾಕು ಗೀಕು ಏನಾದ್ರೂ ಇದೆಯಾ?" ಎಂದು ಅವನು ಕೇಳಿದ.

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. "ನನ್ನ ಹತ್ತಿರ ಇಲ್ಲ," ಎಂದರು, 'ನನ್ನ' ಎನ್ನುವುದನ್ನು ಅದೆಷ್ಟು ಒತ್ತಿ ಹೇಳಿದರೆಂದರೆ ಕಾವಲಿನವನು ನನ್ನ ಚೀಲವನ್ನೂ ಬುಡಮೇಲು ಮಾಡಿ ನೋಡಿದ. ಅಷ್ಟು ಹೊತ್ತು ಅಲ್ಲೇ ಹೋಯಿತು. ನಾವು ಒಳಗೆ ಓಡಿಹೋಗಿ ಬಾಗಿಲು ತಳ್ಳಿದರೆ ಜಡ್ಜಮ್ಮ ಆಗಲೇ ಬಂದು ಕೂತಿದ್ದರು.

ಆದರೆ ಅವರು ಆರಾಮಾಗಿ ಕೂತಿದ್ದರು. ಮಡಚಿಯೇ ಇರಬೇಕು, ಇಲ್ಲವೇ ಅಲಗು ಇನ್ನೂ ನಾರಿನೊಳಗೆ ಮೇಲೇಳಲು ದಾರಿ ಹುಡುಕುತ್ತಿರಬೇಕು. ಇವರು ಅಟೆಂಡರ್‌ನ ಕಿವಿಯಲ್ಲಿ ಹೊಲಿಗೆಯ ಕಥೆ ಹೇಳಿದರು. "ಊಟದ ಹೊತ್ತಿಗೆ ನೋಡ್ಕೊಳ್ಳೋಣ, ಈಗ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಎಂದು ಅವನು ಹಿಂದಿನ ಬೆಂಚು ತೋರಿಸಿದ.

ಕಟಕಟೆಯ ಮುಂದೆ ಇಬ್ಬರು ನೆರೆಮನೆಯವರು ನಿಂತಿದ್ದರು. ಒಬ್ಬನದು ನಾಯಿ, ಇನ್ನೊಬ್ಬನದು ನಿದ್ದೆ. ನಾಯಿ ಬೊಗಳಿ ನಿದ್ದೆ ಕೆಟ್ಟಿತು ಎಂದು ನಿದ್ದೆಯವನು ಹೇಳಿದ್ದಕ್ಕೆ, ನಾಯಿಯವನು ನಿನ್ನನ್ನು ಸುಮ್ಮನೆ ಬಿಡಲ್ಲ ಎಂದು ಹೆದರಿಸಿದನಂತೆ. ನಾಯಿಯವನ ಲಾಯರು ನಾಯಿಯ ಸ್ವಭಾವದ ಬಗ್ಗೆ ಮಾತಾಡುತ್ತಿದ್ದರು. ಅದು ಮುಗಿಯುವ ಲಕ್ಷಣವೇ ಇರಲಿಲ್ಲ.

ಆಗ ನನ್ನ ಕಣ್ಣಿಗೆ ಬಿತ್ತು. ಜಡ್ಜಮ್ಮನ ಎಡಗೈ ಪಕ್ಕದಲ್ಲಿ, ಸೀಟಿಗೂ ಬೆನ್ನಿಗೂ ನಡುವಿನ ಸಂದಿಯಿಂದ, ನನ್ನ ಕೆಂಪು ಗೊಂಡೆ ಹೊರಗಿಣುಕುತ್ತಿತ್ತು. ಎಷ್ಟು ಚೆನ್ನಾಗಿ ಕಾಣಬೇಕೋ ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಇವರ ಪಕ್ಕೆಗೆ ತಿವಿದೆ. ಇವರೂ ನೋಡಿದರು, ಮುಖ ಸುಣ್ಣವಾಯಿತು.

ಲಾಯರು ನಾಯಿಯ ಬಾಲ್ಯಕ್ಕೆ ಬರುವ ಹೊತ್ತಿಗೆ ಜಡ್ಜಮ್ಮನ ಬೆರಳಿಗೆ ಗೊಂಡೆ ಸಿಕ್ಕಿತು. ಅವರು ಅದನ್ನು ನೋಡಲಿಲ್ಲ. ಬೇಸರ ಬಂದವರು ಸೆರಗಿನ ತುದಿಯನ್ನು ಸುರುಳಿ ಸುತ್ತುವ ಹಾಗೆ ಅದನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಸುತ್ತಿದರು. ಆಮೇಲೆ ಮೆಲ್ಲಗೆ ಎಳೆದರು. ಒಂದು ಗೇಣು ದಾರ ಬಂತು. ಚಾಕು ಬಿಚ್ಚಿಕೊಂಡಿದ್ದರೆ ಅವರ ಬೆರಳು ಹೋಗುತ್ತದೆ, ಇವರ ಬಾಳೂ ಹೋಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಟಣ್ ಎಂದು ಮೇಜಿನ ಮೇಲೆ ಸದ್ದಾಯಿತು. ಲಾಯರು ಬಾಯಿ ತೆರೆದೇ ನಿಂತರು. ನಾನು ಕಣ್ಣು ಬಿಟ್ಟಾಗ ಚಾಕು ಕಡತಗಳ ಮೇಲೆ ಬಿದ್ದಿತ್ತು, ಅಚ್ಚುಕಟ್ಟಾಗಿ ಮಡಚಿಕೊಂಡು.

"ನೋಡು, ಮಡಚಿದ್ದೆ," ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು. ಆ ಹೊತ್ತಿನಲ್ಲೂ ಗೆದ್ದ ಧ್ವನಿ.

"ಇದು ಯಾರದು?" ಎಂದರು ಜಡ್ಜಮ್ಮ.

ಇಷ್ಟು ವರ್ಷ ಇವರು ಒಂದು ಸಲ ತಪ್ಪೊಪ್ಪಿಕೊಳ್ಳಲಿ ಎಂದು ಹಂಬಲಿಸಿದವಳು ನಾನು. ಈಗ ಅದೇ ನಾನು ಇವರ ಅಂಗಿಯ ಚುಂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಸುಮ್ಮನೆ ಕೂತುಕೊಳ್ಳಲಿ, ಯಾರಿಗೂ ಗೊತ್ತಾಗುವುದಿಲ್ಲ, ಮನೆಗೆ ಹೋಗಿಬಿಡೋಣ ಎಂದು ಒಳಗೊಳಗೇ ಬೇಡುತ್ತಿದ್ದೆ. ನನಗೆ ಅಷ್ಟು ಭಯವಾಗಿತ್ತು.

"ನಾನು ಹೇಳಿರಲಿಲ್ವಾ ಮೇಡಂ, ಇವನು ಎಂಥವನು ಅಂತ," ಎಂದು ನಿದ್ದೆಯವನು ನಾಯಿಯವನ ಕಡೆ ಕೈ ತೋರಿಸಿದ. "ಇದು ಇವನದೇ ಕೆಲಸ. ನನ್ನ ಬಿಟ್ಟು ಈಗ ನಿಮ್ಮ ಮೇಲೇ ಬಂದಿದಾನೆ."

ಬಾಗಿಲ ಹತ್ತಿರವಿದ್ದ ಪೊಲೀಸಿನವನು ನಾಯಿಯವನ ತೋಳು ಹಿಡಿದ. ಆ ದಪ್ಪ ಮನುಷ್ಯ ಮಗುವಿನ ಹಾಗೆ ಅಳಲು ಶುರುಮಾಡಿದ. "ನನ್ನ ಮನೇಲಿ ಹಣ್ಣು ಹೆಚ್ಚೋ ಚಾಕುನೂ ಇಲ್ಲ ಮೇಡಂ, ಕಚ್ಚಿಕೊಂಡೇ ತಿಂತೀನಿ."

ನನ್ನ ಕೈಯಿಂದ ಅಂಗಿ ಜಾರಿಹೋಯಿತು. ಇವರು ಎದ್ದು ನಿಂತಿದ್ದರು.

"ಅವರನ್ನ ಬಿಡಿ. ಅದು ನನ್ನದು," ಎಂದರು. "ಕುರ್ಚಿ ಮಾಡಿದವನು ನಾನು. ಒಳಗೆ ಮರೆತುಬಿಟ್ಟೆ. ಕಳೆದುಕೊಂಡೆ, ಮೇಡಂ. ಇದೇ ಮೊದಲಲ್ಲ. ತುಂಬ ಕಳೆದುಕೊಂಡಿದೀನಿ."

ಜಡ್ಜಮ್ಮ ಚಾಕುವನ್ನು ದಾರ ಹಿಡಿದು ಎತ್ತಿದರು. ಅದು ಅವರ ಕಣ್ಣೆದುರು ತಿರುಗುತ್ತಿತ್ತು.

"ಈ ದಾರ ಯಾರು ಕಟ್ಟಿದ್ದು?"

"ನನ್ನ ಹೆಂಡತಿ."

"ಒಂದು ತುದೀಲಿ ಚಾಕು ಇದೆ. ಇನ್ನೊಂದು ತುದಿ ಯಾಕೆ ಹೀಗೆ ಬಿಟ್ಟಿದೀರಿ?"

"ಅದನ್ನ ಸೊಂಟಕ್ಕೆ ಕಟ್ಟಿಕೊಳ್ಳಿ ಅಂತ ಅವಳು ಹೇಳಿದ್ದಳು. ನಾನು ಕೇಳಲಿಲ್ಲ."

"ಯಾಕೆ?"

ಇವರು ನನ್ನ ಕಡೆ ತಿರುಗಿ ನೋಡಿದರು. ನನಗೆ ಹೇಳಿದ್ದ ಓಡಿಹೋಗೋ ನಾಯಿಯ ಕಾರಣವೂ ಬರಲಿಲ್ಲ, ಕುರ್ಚಿ ಜೊತೆ ಹೊಲಿದುಬಿಡುವ ಕಾರಣವೂ ಬರಲಿಲ್ಲ.

"ಅವಳು ಹೇಳಿದ್ದಕ್ಕೇ, ಮೇಡಂ."

ಟೈಪು ಮಾಡುತ್ತಿದ್ದ ಹುಡುಗಿ ಕೈ ನಿಲ್ಲಿಸಿ ಜಡ್ಜಮ್ಮನ ಮುಖ ನೋಡಿದಳು. "ಅದೂ ದಾಖಲಾಗಲಿ," ಎಂದರು ಅವರು. ಆಮೇಲೆ ಹಿಂದಿನ ಬೆಂಚಿನ ಕಡೆ ನೋಡಿದರು. "ಹೆಂಡತಿ ಬಂದಿದಾರಾ? ಏನಾದ್ರೂ ಹೇಳೋದಿದೆಯಾ?"

ನಾನು ಎದ್ದೆ. ಹೇಳುವುದಿದೆಯಾ ಎಂದು ಕೇಳುತ್ತಾರೆ! ನನ್ನ ಹತ್ತಿರ ಇಷ್ಟು ವರ್ಷದ ಮಾತು ಕೂಡಿಬಿದ್ದಿತ್ತು. ಹಿಂದೊಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಚಾಕು ಬಿಟ್ಟ ಕಥೆ, ಹಾಸಿಗೆಯ ಕಥೆ, ಒಂದೊಂದು ಚಾಕುವಿನ ಹಿಂದೆ ನಾನು ಹೇಳಿದ್ದು, ಇವರು ಮೂಗು ಮುರಿದದ್ದು. ಇಡೀ ಕೋರ್ಟು ಕಿವಿ ತೆರೆದುಕೊಂಡು ಕೂತಿತ್ತು, ಬರೆದುಕೊಳ್ಳಲೂ ಒಬ್ಬಳಿದ್ದಳು. ಇಂಥ ಅವಕಾಶ ಯಾವ ಹೆಂಡತಿಗೆ ಸಿಗುತ್ತದೆ?

ಇವರ ಮುಖ ನೋಡಿದೆ. ಏಟಿಗೆ ಸಿದ್ಧವಾಗಿ ನಿಂತವರ ಹಾಗೆ ತಲೆ ತಗ್ಗಿಸಿದ್ದರು.

"ಕುರ್ಚಿ ಸರಿಯಾಗಿದೆಯಾ ಮೇಡಂ?" ಎಂದೆ. "ಬೆನ್ನಿಗೆ ಆಸರೆ ಸಿಗ್ತಾ ಇದೆಯಾ? ಇವರು ಕೆಲಸ ಮಾಡುವಾಗ ಎರಡು ಕೈಯೂ, ತಲೆಯೂ ಕುರ್ಚಿಯಲ್ಲೇ ಇರುತ್ತೆ. ಅದಕ್ಕೇ ಚಾಕು ಮರೀತಾರೆ. ಬೇರೆ ಕೆಟ್ಟ ಯೋಚನೆ ಇರೋ ಮನುಷ್ಯ ಅಲ್ಲ."

ಜಡ್ಜಮ್ಮ ನಿಧಾನವಾಗಿ ಹಿಂದಕ್ಕೆ ಒರಗಿದರು, ಭುಜ ಸಡಿಲ ಬಿಟ್ಟರು, ಒಂದು ಗಳಿಗೆ ಕಣ್ಣು ಮುಚ್ಚಿದರು.

"ಬೆಳಿಗ್ಗೆಯಿಂದ ನಾಯಿ ಕಥೆ ಕೇಳ್ತಾ ಇದೀನಿ. ಸೊಂಟ ಇದೆ ಅನ್ನೋದೇ ನೆನಪಾಗಲಿಲ್ಲ," ಎಂದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಗಟ್ಟಿಯಾಗಿ ಹೇಳಿದರು: ಚಾಕುವನ್ನು ಗೇಟಿಗೆ ಒಯ್ಯಬೇಕು, ಇನ್ನೊಂದು ತುದಿಯನ್ನು ಇವರಿಗೆ ಕಟ್ಟಿದ ಮೇಲೆಯೇ ಕೊಡಬೇಕು, ಕಟ್ಟುವವರು ಹೆಂಡತಿಯೇ ಆಗಿರಬೇಕು. ನಾಯಿಯವನ ತೋಳು ಬಿಡಬೇಕು. ಲಾಯರು ಮುಂದುವರಿಸಬಹುದು, ಆದರೆ ಚುಟುಕಾಗಿ.

ಗೇಟಿನಲ್ಲಿ ಇವರು ಎರಡೂ ಕೈ ಎತ್ತಿಕೊಂಡು ನಿಂತರು. ಕಾವಲಿನವನು ಚಾಕು ಹಿಡಿದುಕೊಂಡು ಕಾಯುತ್ತಿದ್ದ. ನಾನು ಮಂಡಿಯೂರಿ ಕೂತು ಸೊಂಟದ ಪಟ್ಟಿಗೆ ಕುಣಿಕೆ ತೂರಿಸಿ ಎಳೆದೆ. ರೇಷ್ಮೆ ಹುರಿ ಜಾರುತ್ತಿತ್ತು, ಗಂಟು ನಿಲ್ಲುತ್ತಿರಲಿಲ್ಲ.

"ಅಷ್ಟು ಜನರ ಎದುರು ಹೇಳಬಹುದಿತ್ತಲ್ಲ ನೀನು," ಎಂದರು ಇವರು, ನನ್ನ ತಲೆಯ ಮೇಲಿಂದ ರಸ್ತೆ ನೋಡುತ್ತ. "ನಾನು ಮೊದಲೇ ಹೇಳಿದ್ದೆ ಅಂತ."

"ಅದನ್ನ ಹೇಳೋಕೇ ಎದ್ದಿದ್ದು," ಎಂದೆ. "ನೀವೇ ಹೇಳಿಬಿಟ್ಟಿದ್ರಿ. ನನಗೇನು ಉಳಿದಿತ್ತು?"

ಗಂಟು ಬಿಗಿಯಾಯಿತು. ನಾನು ಎದ್ದು ಸೆರಗು ಸರಿಮಾಡಿಕೊಂಡೆ, ಕಾವಲಿನವನು ಚಾಕು ಮುಂದೆ ಚಾಚಿದ. ಇವರು ಕೈ ಕೆಳಗಿಳಿಸಲಿಲ್ಲ.

"ಇನ್ನೊಂದು ಗಂಟು ಹಾಕಿಬಿಡು," ಎಂದರು.